ಕಂಟ್ರೋಲರ್ ಶಿರಸಿಯಲ್ಲಿ, ಎಪಿಗಳು ಕಾರವಾರದಲ್ಲಿ

ಮೊದಲ ಸಲ ವೈ-ಫೈ ಕಂಟ್ರೋಲರ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬದಲಿಸಿದಾಗ ನನ್ನ ಗಮನವೆಲ್ಲ ಕಂಟ್ರೋಲರ್ ಮೇಲೇ ಇತ್ತು. ನಮ್ಮ ವೈ-ಫೈಯನ್ನೆಲ್ಲ ನಿಯಂತ್ರಿಸುವ ಆ ಪೆಟ್ಟಿಗೆ ಶಿರಸಿಯ ನಮ್ಮ ಆಫೀಸಿನ ರ‍್ಯಾಕ್‌ನಲ್ಲಿದೆ. ಫೈಲ್ ಹಾಕಿದೆ, ರೀಬೂಟ್ ಕೊಟ್ಟೆ, ಹತ್ತು ನಿಮಿಷಕ್ಕೆ ಎದ್ದಿತು. ಕಾರವಾರ ಶಾಖೆಯ 22 ಆಕ್ಸೆಸ್ ಪಾಯಿಂಟ್ (ಎಪಿ, ಅಂದರೆ ವೈ-ಫೈ ಸಿಗ್ನಲ್ ಕೊಡುವ ಡಬ್ಬಿಗಳು) ಮಾತ್ರ ಏಳಲಿಲ್ಲ.

ನಮ್ಮಲ್ಲಿ ಎಪಿ ಮತ್ತು ಕಂಟ್ರೋಲರ್ ಒಂದೇ ಆವೃತ್ತಿಯಲ್ಲಿರಬೇಕು. ಇಲ್ಲದಿದ್ದರೆ ಎಪಿ ಮೊದಲು ಹೊಸ ಇಮೇಜ್ (ಫರ್ಮ್‌ವೇರ್ ಫೈಲ್) ಇಳಿಸಿಕೊಂಡು ತಾನೂ ರೀಬೂಟ್ ಆಗುತ್ತದೆ. ಅಲ್ಲಿಯವರೆಗೆ ವೈ-ಫೈ ಇಲ್ಲ. ಒಂದೊಂದಕ್ಕೆ ಸುಮಾರು 45 ಎಂಬಿ, ನಡುವೆ ಇದ್ದದ್ದು 4 ಎಂಬಿಪಿಎಸ್ ಲೈನ್. ಲೆಕ್ಕ ಹಾಕಿದರೆ ಅರ್ಧ ಗಂಟೆ ಚಿಲ್ಲರೆ, ಅಲ್ವಾ? ಆದರೆ ಎಪಿ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವ ಕ್ಯಾಪ್‌ವ್ಯಾಪ್ ಪ್ರೋಟೋಕಾಲ್‌ನಲ್ಲಿ ಇಮೇಜ್ ತುಂಡು ತುಂಡಾಗಿ ಹೋಗುತ್ತದೆ. ಒಂದು ತುಂಡಿಗೆ ಉತ್ತರ ಬಂದ ಮೇಲೇ ಮುಂದಿನದು. ಜುಲೈ ಮಳೆಯಲ್ಲಿ ಲೈನ್ ಸರಿಯಿರಲಿಲ್ಲ, ದಾರಿಯಲ್ಲಿ ಕಳೆದುಹೋದ ತುಂಡನ್ನು ಕಾದು ಮತ್ತೆ ಮತ್ತೆ ಕಳಿಸಬೇಕಾಯಿತು. ಕೊನೆಯ ಎಪಿ ಏಳುವಾಗ ಮಧ್ಯಾಹ್ನ. ಅಷ್ಟು ಹೊತ್ತು ಅಲ್ಲಿನ ಬಿಲ್ಲಿಂಗ್ ಕೌಂಟರಿನವರು ಕೈಯಲ್ಲೇ ರಸೀದಿ ಬರೆದರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಎರಡನೇ ಸಲ ಎರಡು ವಾರ ಮೊದಲೇ ಶುರು ಮಾಡಿದೆ. ರಿಲೀಸ್ ನೋಟ್ಸ್ ಪೂರ್ತಿ ಓದಿದೆ. ಹೊಸ ಆವೃತ್ತಿ ನಮ್ಮ ಹಳೆಯ ಮೂರು ಎಪಿಗಳ ಮಾಡೆಲನ್ನು ಕೈಬಿಟ್ಟಿತ್ತು. ಅವನ್ನು ಬದಲಿಸಿದ ಮೇಲೇ ಮುಂದೆ ಹೋದೆ. ಕಾನ್ಫಿಗ್ ಬ್ಯಾಕಪ್ ತೆಗೆದೆ, ಇಮೇಜ್ ಕೆಟ್ಟಿಲ್ಲ ಅಂತ ತಿಳಿಯಲು ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿದೆ.

ಗಡಿಯಾರವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಎಪಿ ಮತ್ತು ಕಂಟ್ರೋಲರ್ ಸರ್ಟಿಫಿಕೇಟ್ (ಅವಧಿಯಿರುವ ಡಿಜಿಟಲ್ ಗುರುತಿನ ಚೀಟಿ) ತೋರಿಸಿಯೇ ಒಂದನ್ನೊಂದು ಗುರುತಿಸುತ್ತವೆ. ಘಟ್ಟದ ಮೇಲೆ ಮಳೆಗಾಲದ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಯುಪಿಎಸ್ ಖಾಲಿಯಾಗಿ ಕಂಟ್ರೋಲರ್ ಆಫ್ ಆದಾಗ ಒಳಗಿನ ಸಣ್ಣ ಬ್ಯಾಟರಿಯೂ ಸತ್ತಿದ್ದರೆ, ತಾರೀಖು ಎಷ್ಟೋ ವರ್ಷ ಹಿಂದೆ ಹೋಗುತ್ತದೆ. ಆಗ ಸರಿಯಾದ ಸರ್ಟಿಫಿಕೇಟಿನ ಅವಧಿಯೂ ಇನ್ನೂ ಶುರುವಾಗಿಲ್ಲ ಅಂತಾಗಿ ಎಪಿ ಸೇರುವುದಿಲ್ಲ. ನಾವು ಸುಮ್ನೆ ಫರ್ಮ್‌ವೇರ್ ಮೇಲೆ ಅನುಮಾನ ಪಡುತ್ತೇವೆ. ಅದಕ್ಕೇ ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ಎನ್‌ಟಿಪಿ ಸರಿ ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಂಡೆ.

ಆಮೇಲೆ ಪ್ರಿ-ಡೌನ್‌ಲೋಡ್. ನಮ್ಮ ಎಪಿಗಳಲ್ಲಿ ಇಮೇಜ್ ಇಡಲು ಎರಡು ಜಾಗ ಇವೆ. ಹಳೆಯದು ಓಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ತುಂಬಿಡಬಹುದು. ರಾತ್ರಿಗೆ ಐದೈದರಂತೆ ಐದು ರಾತ್ರಿ ಕಳಿಸಿದೆ, ಯಾರಿಗೂ ತೊಂದರೆ ಆಗಲಿಲ್ಲ. 21 ಮುಗಿದವು. ಒಂದು ಮಾತ್ರ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ಬಿಡಲು ಮನಸ್ಸಾಗಲಿಲ್ಲ. ದೇವಿಮನೆ ಘಾಟಿ ಇಳಿದು, ಕುಮಟಾ, ಅಂಕೋಲಾ ದಾಟಿ ಹೋದೆ. ಏಣಿ ಹತ್ತಿ ನೋಡಿದರೆ ಕಡಲ ಉಪ್ಪುಗಾಳಿಗೆ ಕೇಬಲ್ ತುದಿಯ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ, ಇಮೇಜ್ ಒಂದೇ ಸಲಕ್ಕೆ ಇಳಿಯಿತು. ಕರಾವಳಿಯಲ್ಲಿ ಎಪಿ ಇಟ್ಟವರು ಇದನ್ನು ದಯವಿಟ್ಟು ನೋಡಿ.

ಶನಿವಾರ ರಾತ್ರಿ 11ಕ್ಕೆ ರೀಬೂಟ್ ಕೊಟ್ಟೆ. ಕಾರವಾರದ ವಾಚ್‌ಮನ್ ಅಣ್ಣ ಫೋನ್ ಹಿಡಿದೇ ಮಹಡಿ ಸುತ್ತುತ್ತಿದ್ದರು. “ದೀಪ ಹಸಿರಾಯ್ತು ಮಾರಾಯ್ರೇ, ಮೇಲಿನದೂ ಬಂತು” ಅಂದರು. ಎಲ್ಲ ಸೇರಿ 14 ನಿಮಿಷ.

ಹಳೆಯ ಇಮೇಜನ್ನು ಕಂಟ್ರೋಲರ್‌ನಿಂದ ಇನ್ನೂ ಅಳಿಸಿಲ್ಲ. ತಿಂಗಳ ಕೊನೆಯ ಬಿಲ್ಲಿಂಗ್ ಗದ್ದಲ ಒಂದು ಸಲ ದಾಟಲಿ.