ಸಾಲದ ಕಾರ್ಡು, ಬಸ್ಸಿನ ಕಾರ್ಡು

ವೇಸನ್‌ನ ನಾಲ್ಕು ಕಾರ್ಡು ಹಿರಿಯೂರು ಕಡೆಯ ಮಹಿಳಾ ಸಂಘಗಳಲ್ಲಿ ನಡೆಯಲ್ಲ ಅಂತ ವಿಭಾಗದಲ್ಲಿ ಎಲ್ಲರೂ ಅಂದಿದ್ದರು. ‘ಹೀಗಿದ್ದರೆ ಹಾಗಿರಬೇಕು’ ಅನ್ನುವ ನಿಯಮ ಮುರಿದಿದೆಯೇ ಅಂತ ನೋಡಲು ನಾಲ್ಕರಲ್ಲಿ ಯಾವ ಕಾರ್ಡು ತಿರುವಬೇಕು ಅಂತ ಕೇಳುವ ತರ್ಕದ ಪರೀಕ್ಷೆ ಅದು. ಸಮಾಜಶಾಸ್ತ್ರದವರಿಗೆ ವಿಕಾಸವಾದಿ ಮನೋವಿಜ್ಞಾನ ಅಂದರೇ ಮುಖ ಕಹಿ. ಕೊಟ್ಟು ತಗೊಳ್ಳುವಲ್ಲಿ ಮೋಸ ಮಾಡುವವರನ್ನು ಹಿಡಿಯುವಂಥ ಚಳಕ ಮನಸ್ಸಿಗೆ ವಿಕಾಸದಿಂದಲೇ ಬಂದಿದೆ ಅನ್ನುವ ವಾದ ಅದು. ಇವರದ್ದು ಎಲ್ಲವನ್ನೂ ಸಂಸ್ಕೃತಿಯೇ ಕಲಿಸುತ್ತದೆ ಅನ್ನುವ ಪಾಠ. ವಿಕಾಸವಾದಿ ಮನೋವಿಜ್ಞಾನದ ಮುಂದಾಳುಗಳಾದ ಟೂಬಿ–ಕಾಸ್ಮಿಡೀಸ್ 1992ರಲ್ಲಿ ಜಾಡಿಸಿದ್ದು ಅದನ್ನೇ. ಹಣ ಕೇಳಿದ ಅರ್ಜಿಗಳು ವಾಪಸ್ ಬಂದವು. ಕೈಯಿಂದಲೇ ಮೂವತ್ತು ಸಾವಿರದಷ್ಟು ಹಾಕಿದೆ. ಲ್ಯಾಮಿನೇಶನ್ ಖರ್ಚು ಲೆಕ್ಕಕ್ಕಿಲ್ಲ, ಮುಕ್ಕಾಲು ಪಾಲು ಹೋದದ್ದು ಹೆಂಗಸರ ಅರ್ಧ ದಿನದ ಕೂಲಿಗೆ. ಪುಕ್ಕಟೆ ಕೂರಿಸುವುದು ಸರಿಯೂ ಅಲ್ಲ.

ಮೊದಲ ಸುತ್ತು ನೆಲಕಚ್ಚಿತು. ಅಕ್ಷರ, ಅಂಕಿಯ ಕಾರ್ಡು ಹರಡಿದರೆ ‘ಇಸ್ಪೀಟಾ ಸಾ?’ ಅಂತ ನಗು. ಕಾಸ್ಮಿಡೀಸ್ ಬಳಸಿದ ಮರಗೆಣಸು–ಹಚ್ಚೆ ಕಥೆ ಹೇಳಿದರೆ, ಗೆಣಸು ತಿನ್ನೋಕೆ ಹಚ್ಚೆ ಯಾಕೆ ಅನ್ನೋ ಚರ್ಚೆಯಲ್ಲೇ ಮಧ್ಯಾಹ್ನ ಕಳೆಯಿತು.

ಆಮೇಲೆ ಸಂಘದ್ದೇ ನಿಯಮ ಹಿಡಿದೆ: ಸಾಲ ತಗೊಂಡವರು ವಾರದ ಉಳಿತಾಯ ಕಟ್ಟಿರಲೇಬೇಕು. ಕಾರ್ಡಿಗೊಬ್ಬ ಸದಸ್ಯೆ, ಒಂದು ಮಗ್ಗುಲಲ್ಲಿ ಸಾಲ, ಇನ್ನೊಂದರಲ್ಲಿ ಉಳಿತಾಯ, ಎರಡೂ ಚಿತ್ರದಲ್ಲೇ. ಇಟ್ಟು ಮುಗಿಸುವ ಮೊದಲೇ ಒಬ್ಬಾಕೆ, ‘ಕಟ್ಟದೇ ಇರೋಳ್ದು ತಿರುವಿ ಸಾ, ಸಾಲ ಎತ್ತವ್ಳೋ ಏನೋ!’ ಸಾಲ ಎತ್ತದವಳ ಕಾರ್ಡನ್ನು ಹೆಚ್ಚುಕಮ್ಮಿ ಯಾರೂ ಮುಟ್ಟಲಿಲ್ಲ. ನಾಲ್ವರಲ್ಲಿ ಮೂವರು ಸರಿ.

‘ಗೊತ್ತಿರೋ ನಿಯಮ, ಅದಕ್ಕೇ ಬಂತು’ ಅಂದರು ವಿಭಾಗದವರು. ಅವರ ಬಾಯಿ ಮುಚ್ಚಿಸಿದ್ದು ಬಸ್ಸು. ‘ದುರ್ಗಕ್ಕೆ ಹೋಗೋರು ಬಸ್ಸಲ್ಲೇ ಹೋಗ್ತಾರೆ’ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದರಲ್ಲಿ ಮೋಸಕ್ಕೆ ಎಡೆಯಿಲ್ಲ; ಐವರಲ್ಲಿ ಒಬ್ಬರು ಸರಿ ಕಾರ್ಡು ತಿರುವಿದರೆ ಹೆಚ್ಚು. ಯಾರೂ ಕೇಳರಿಯದ ‘ಜೇನು ತಿನ್ನೋರು ಕೆಂಪು ದಾರ ಕಟ್ಟಿರಬೇಕು’ ಅನ್ನುವುದಕ್ಕೆ, ಊರ ಕೆಲಸಕ್ಕೆ ದುಡಿದವರಿಗಷ್ಟೇ ಆ ದಾರ ಅಂತ ಸೇರಿಸಿದ್ದೇ ತಡ, ಉತ್ತರ ಸಾಲದ ಕಾರ್ಡಿನ ಪಕ್ಕಕ್ಕೆ ಬಂತು. ಈಕ್ವೆಡಾರಿನ ಶಿವಿಯಾರ್ ಜನರಲ್ಲಿ ಇಂಥದ್ದೇ ಕಂಡದ್ದು 2002ರಲ್ಲಿ ಪ್ರಕಟವಾಗಿದೆ. ಕಥೆಯನ್ನು ಎಲ್ಲಿ ನಿಲ್ಲಿಸಿ ಕಾರ್ಡು ಹರಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ.

ಒಂದು ಸಂಜೆ ಸುಮ್ಮನೆ ಪಾತ್ರ ಬದಲಿಸಿ ನೋಡಿದೆ, 1992ರಲ್ಲಿ ಗಿಗರೆಂಜರ್ ಮತ್ತು ಹಗ್ ಮಾಡಿದ ಹಾಗೆ. ‘ನೀವು ಸಂಘದ ಪ್ರತಿನಿಧಿ’ ಅಂದರೆ ಕಟ್ಟದವಳ ಬೆನ್ನು ಹತ್ತಿದರು. ‘ನೀವು ಬರೀ ಸದಸ್ಯೆ’ ಅಂದರೆ, ಕಟ್ಟಿಯೂ ಸಾಲ ಸಿಗದವಳನ್ನು ಹುಡುಕಿದರು. ಕಾರ್ಡು ಅವೇ!

ಸ್ಪರ್ಬರ್ ಬಳಗದ 1995ರ ತಕರಾರು ಉಳಿದಿದೆ: ನಿಯಮ ಸುಳ್ಳಾಗುವುದೇ ಮುಖ್ಯ ಅನ್ನಿಸುವಂತೆ ಕಥೆ ಕಟ್ಟಿದರೆ ಮೋಸದ ಮಾತಿಲ್ಲದೆಯೂ ಉತ್ತರ ಏರುತ್ತದೆ. ಬಸ್ಸಿನ ಕಾರ್ಡಿಗೆ ಹಾಗೇ ಕಟ್ಟಿದೆ. ಸರಿ ಉತ್ತರ ಏರಿತು, ಆದರೆ ಸಾಲದ ಕಾರ್ಡಿನ ಮಟ್ಟ ಮುಟ್ಟಲಿಲ್ಲ. ಇನ್ನೂ ನಾಲ್ಕಾರು ಸಂಘಗಳಲ್ಲಿ ನೋಡಬೇಕು, ಕೂಲಿ ದುಡ್ಡು ಹೊಂದಿಸಿಕೊಂಡು.