ಅಮೆರಿಕದಲ್ಲಿ ರೈಫಲ್ ಅಭ್ಯಾಸಕ್ಕೆ ಉಕ್ಕಿನ ಗುರಿಫಲಕ: ವೀಸಾದಿಂದ ಬೋಲ್ಟಿನವರೆಗೆ

ಬೆಂಗಳೂರಿನ ಪೀಣ್ಯದಲ್ಲಿ ಉಕ್ಕಿನ ತಟ್ಟೆಗಳನ್ನು ಅಳತೆಗೆ ತಕ್ಕಂತೆ ಕತ್ತರಿಸಿ ಕೊಡುವ ಶೆಡ್ಡೊಂದನ್ನು ನಡೆಸುತ್ತಿದ್ದೇನೆ. ಅದಕ್ಕೂ ಮುಂಚೆ ಎಂಟು ವರ್ಷ ಟೆಕ್ಸಾಸಿನಲ್ಲಿದ್ದೆ. ಈ ಎರಡೂ ಗೊತ್ತಿರುವ ಹುಡುಗರು ಅಲ್ಲಿಂದ ಫೋನ್ ಮಾಡಿ, "ಸರ್, ಶೂಟಿಂಗ್ ಪ್ರಾಕ್ಟೀಸಿಗೆ ಒಂದು ಪ್ಲೇಟ್ ಬೇಕು, ನಿಮ್ಮಲ್ಲೇ ಕಟ್ ಮಾಡಿಸಿಕೊಂಡು ತರಬಹುದಾ?" ಎಂದು ಕೇಳುವುದುಂಟು. ಹನ್ನೆರಡು ಇಂಚು ಚದರದ, 3/8 ಇಂಚು ದಪ್ಪದ ಒಂದು ತಟ್ಟೆಯೇ ಸುಮಾರು 7 ಕಿಲೋ ತೂಗುತ್ತದೆ. ಆದ್ದರಿಂದ ಅದನ್ನು ಅಲ್ಲಿಯೇ ಕೊಳ್ಳುವುದು ಲೇಸು. ಆದರೆ ತಟ್ಟೆಯ ಮಾತಿಗಿಂತ ಮೊದಲು ನಾನು ಅವರನ್ನು ಕೇಳುವ ಪ್ರಶ್ನೆ ಬೇರೆ: ನೀವು ಯಾವ ವೀಸಾದಲ್ಲಿದ್ದೀರಿ?

ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಮುಂತಾದ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು 1998ರಿಂದ ನಿಷೇಧಿಸಿದೆ. "ಹೊಂದಿರುವುದು" ಎಂದರೆ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಮಾತ್ರವೆಂದು ನಮ್ಮವರು ತಿಳಿಯುತ್ತಾರೆ. ರೇಂಜಿನಲ್ಲಿ ಬಾಡಿಗೆಗೆ ಪಡೆದ ರೈಫಲನ್ನು ಅರ್ಧ ಗಂಟೆ ಹಿಡಿಯುವುದೂ, ಗೆಳೆಯನ ಬಂದೂಕಿನಿಂದ ಎರಡು ಸುತ್ತು ಹೊಡೆಯುವುದೂ ಆ ಮಾತಿನೊಳಗೆ ಬರುತ್ತವೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಹೆಚ್ಚಾಗಿ ಅನ್ವಯಿಸುವುದು ಬೇಟೆಯ ಪರವಾನಗಿ: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟಿರುವ, ಅವಧಿ ಮೀರದ ಪರವಾನಗಿ ಕೈಯಲ್ಲಿದ್ದರೆ ಈ ನಿಷೇಧ ಅನ್ವಯವಾಗುವುದಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ತಪ್ಪಿದವರಿಗೆ 2022ರ ತಿದ್ದುಪಡಿಯ ನಂತರ 15 ವರ್ಷಗಳವರೆಗೆ ಸೆರೆವಾಸವಾಗಬಹುದು, ಜೊತೆಗೆ ದೇಶದಿಂದ ಹೊರಹಾಕುವ ಕಾರಣಗಳ ಪಟ್ಟಿಯಲ್ಲಿಯೂ ಬಂದೂಕಿನ ಅಪರಾಧವಿದೆ. ಅಂಗಡಿಯಲ್ಲಿ ತುಂಬಬೇಕಾದ 4473 ಸಂಖ್ಯೆಯ ಫಾರಮ್ಮಿನಲ್ಲಿ ವೀಸಾ ಸ್ಥಿತಿಯನ್ನು ನೇರವಾಗಿಯೇ ಕೇಳುತ್ತಾರೆ. ಅಲ್ಲಿ ಸುಳ್ಳು ಬರೆದರೆ ಅದು ಪ್ರತ್ಯೇಕ ಅಪರಾಧ. ಇದರ ಮೇಲೆ ರಾಜ್ಯಗಳ ನಿಯಮಗಳೂ ಇವೆ. ಇಲಿನಾಯ್‌ನಲ್ಲಿ ಗುಂಡುಗಳನ್ನು ಇಟ್ಟುಕೊಳ್ಳುವುದಕ್ಕೂ ಗುರುತಿನ ಚೀಟಿ ಬೇಕು, ನ್ಯೂಜೆರ್ಸಿಯಲ್ಲಿ ರೈಫಲ್ ಕೊಳ್ಳುವುದಕ್ಕೆ ಪೊಲೀಸರಿಂದ ಚೀಟಿ ಪಡೆಯಬೇಕು. ವಲಸೆ ವಕೀಲರೊಬ್ಬರನ್ನು ಒಮ್ಮೆ ಕೇಳದೆ ರೇಂಜಿನ ಬಾಗಿಲನ್ನು ದಾಟಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೊಡಗಿನಿಂದ ಹೋದವರಿಗೆ ಇನ್ನೊಂದು ಮಾತು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರ ಕೈ ಪಳಗಿರುತ್ತದೆ, ನಿಜ. ಆದರೆ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಲು ಇಲ್ಲಿ ಕೊಡವರಿಗಿರುವ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ಮುಖ್ಯವಾಗಿ, ತೆಂಗಿನಕಾಯಿ ಒಡೆದು ಹೋಗುತ್ತದೆ, ಗುಂಡು ಮುಂದಕ್ಕೆ ಸಾಗಿ ಮಣ್ಣು ಸೇರುತ್ತದೆ. ಉಕ್ಕು ಹಾಗಲ್ಲ, ಅದು ಗುಂಡನ್ನು ನಿಲ್ಲಿಸಿ ಚೂರು ಮಾಡುತ್ತದೆ, ಆ ಚೂರುಗಳು ಎಲ್ಲಿಗೋ ಒಂದು ಕಡೆಗೆ ಹೋಗಲೇಬೇಕು. ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ತೀರ್ಮಾನಿಸುವುದು ತಟ್ಟೆಯ ಗಡಸುತನ ಮತ್ತು ಅದನ್ನು ನಿಲ್ಲಿಸುವ ಓರೆ.

ನಾನಿದನ್ನು ಕಲಿತದ್ದು ತಪ್ಪು ಮಾಡಿಯೇ. ಗ್ರೀನ್ ಕಾರ್ಡ್ ಬಂದ ಹೊಸತರಲ್ಲಿ ಗುಜರಿ ಅಂಗಡಿಯೊಂದರಿಂದ ಅರ್ಧ ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಮೆತ್ತನೆಯ ಉಕ್ಕು) ಪ್ಲೇಟ್ ತಂದು, ದಪ್ಪವಿದೆಯಲ್ಲ ಎಂಬ ಧೈರ್ಯದಿಂದ ನೂರು ಗಜ ದೂರದಲ್ಲಿ ನೇರವಾಗಿ ನಿಲ್ಲಿಸಿ ಹೊಡೆದೆ. ಹತ್ತನೆಯದೋ ಹನ್ನೊಂದನೆಯದೋ ಗುಂಡಿಗೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಮುಂಗೈ ಹಿಡಿದುಕೊಂಡ. ಗುಂಡಿನ ತಾಮ್ರದ ಹೊದಿಕೆಯ ಬೇಳೆಕಾಳಿನಷ್ಟು ಚೂರೊಂದು ಚರ್ಮದೊಳಗೆ ನಿಂತಿತ್ತು. ಆಮೇಲೆ ತಟ್ಟೆಯ ಮೇಲೆ ಬೆರಳಾಡಿಸಿದಾಗ ಕಾರಣ ತಿಳಿಯಿತು. ಗುಂಡು ಬಿದ್ದಲ್ಲೆಲ್ಲ ಪಡ್ಡಿನ ಹಂಚಿನಂತೆ ಕುಳಿಗಳು ಬಿದ್ದಿದ್ದವು, ಕುಳಿಯ ಅಂಚು ಉಗುರಿಗೆ ಸಿಗುವಷ್ಟು ಎದ್ದಿತ್ತು. ಇಂತಹ ಕುಳಿಯ ಒಳಗೆ ಬಿದ್ದ ಮುಂದಿನ ಗುಂಡಿನ ಚೂರುಗಳು, ಪಡ್ಡಿನ ಹಂಚಿನ ಗುಳಿಯಲ್ಲಿ ನೀರು ಎರಚಿದರೆ ಹೇಗೋ ಹಾಗೆ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಚಿಮ್ಮುತ್ತವೆ. ಗಟ್ಟಿಯಾದ, ನುಣುಪಾದ ಮುಖಕ್ಕೆ ಬಡಿದ ಗುಂಡು ಚಪ್ಪಟೆಯಾಗಿ ಪುಡಿಯಾಗಿ ತಟ್ಟೆಯ ಮುಖದ ಉದ್ದಕ್ಕೇ ಸುತ್ತಲೂ ಚದುರುತ್ತದೆ, ಹೊಡೆದವನ ಕಡೆಗೆ ಬರುವುದು ತೀರ ಕಡಿಮೆ.

ಆದ್ದರಿಂದ ಕೊಳ್ಳಬೇಕಾದದ್ದು ಎಆರ್500 ದರ್ಜೆಯ ಉಕ್ಕು. ಗಣಿಯ ಡಂಪರುಗಳ ತೊಟ್ಟಿಗೂ ಬಕೆಟ್ಟುಗಳಿಗೂ ಸವೆಯದಿರಲೆಂದು ಒಳಗೆ ಹಾಕುವ ತಟ್ಟೆಯ ಜಾತಿಯದೇ ಇದು. ಇದರ ಗಡಸುತನ ಬ್ರಿನೆಲ್ ಮಾಪನದಲ್ಲಿ 500ರ ಆಸುಪಾಸು, ಎಂ.ಎಸ್. ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ರೈಫಲಿಗೆ 3/8 ಇಂಚು, ಅಂದರೆ ಸುಮಾರು 9.5 ಮಿಲಿಮೀಟರ್ ದಪ್ಪ ಸಾಕು. .308ರಂತಹ ಭಾರದ ಗುಂಡುಗಳನ್ನು ಹೆಚ್ಚು ಹೊಡೆಯುವವರು ಅರ್ಧ ಇಂಚಿನದನ್ನು ಕೊಂಡರೆ ಬಾಳಿಕೆ ಬರುತ್ತದೆ. .22 ರಿಮ್‌ಫೈರ್ ಎಂಬ ಸಣ್ಣ ಗುಂಡಿಗೆ ಕಾಲು ಇಂಚು ಧಾರಾಳ. ಕೊಳ್ಳುವಾಗ ಉಕ್ಕಿನ ಗಿರಣಿಯ ಪರೀಕ್ಷಾ ಪತ್ರವನ್ನೂ ಹೀಟ್ ನಂಬರನ್ನೂ (ಉಕ್ಕನ್ನು ಕರಗಿಸಿದ ಕಂತಿನ ಸಂಖ್ಯೆ) ಕೇಳಿ; ಕೊಡದವರ ಹತ್ತಿರ ಕೊಳ್ಳಬೇಡಿ. ಅನುಮಾನವಿದ್ದರೆ ಅಂಚಿಗೆ ಅರ ಹಾಕಿ ನೋಡಿ: ಎಂ.ಎಸ್. ಮೇಲೆ ಅರ ಸಲೀಸಾಗಿ ಕಚ್ಚುತ್ತದೆ, ಇದರ ಮೇಲೆ ಜಾರುತ್ತದೆ, ಒತ್ತಿದರೂ ತುಸುವೇ ಗೀರುತ್ತದೆ.

ಸ್ವಂತವಾಗಿ ಮಾಡಿಸುವವರು ನೆನಪಿಡಬೇಕಾದದ್ದು ಶಾಖ. ಈ ಉಕ್ಕಿನ ಗಡಸುತನ ಬಂದಿರುವುದು ಕಾಸಿ ತಟ್ಟನೆ ತಣಿಸುವ ಹದದಿಂದ. ಮತ್ತೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೆ ಆ ಹದ ಇಳಿಯತೊಡಗುತ್ತದೆ. ಗ್ಯಾಸ್ ಕಟಿಂಗಿನಿಂದ ಅಂಚಿನ ಸುತ್ತ ಅಗಲವಾದ ಪಟ್ಟಿಯೇ ಮೆತ್ತಗಾಗುತ್ತದೆ, ಪ್ಲಾಸ್ಮಾದಲ್ಲಿ ಅದಕ್ಕಿಂತ ಕಡಿಮೆ, ಲೇಸರಿನಲ್ಲಿ ಇನ್ನೂ ಕಡಿಮೆ, ವಾಟರ್ ಜೆಟ್‌ನಲ್ಲಿ ಇಲ್ಲವೆಂದೇ ಹೇಳಬಹುದು. ಕೊಕ್ಕೆಯನ್ನೋ ಬಳೆಯನ್ನೋ ತಟ್ಟೆಗೆ ವೆಲ್ಡ್ ಮಾಡಿದರೆ ಆ ಜಾಗವೇ ಮೊದಲು ಕುಳಿ ಬೀಳುತ್ತದೆ. ರಂಧ್ರಗಳನ್ನೂ ಕತ್ತರಿಸುವವರ ಹತ್ತಿರವೇ ಮಾಡಿಸಿ, ಏಕೆಂದರೆ ಮನೆಯ ಡ್ರಿಲ್ ಬಿಟ್ ಇದರ ಮುಂದೆ ನಿಲ್ಲುವುದಿಲ್ಲ. ಚೌಕಾಕಾರದ ರಂಧ್ರ ಮಾಡಿಸಿದರೆ, ತಲೆಯ ಕೆಳಗೆ ಚೌಕ ಕುತ್ತಿಗೆಯಿರುವ ಕ್ಯಾರೇಜ್ ಬೋಲ್ಟ್ ಅದರಲ್ಲಿ ತಿರುಗದೆ ಕೂರುತ್ತದೆ, ಬೋಲ್ಟಿನ ದುಂಡನೆಯ ತಲೆಗೆ ತಾಗಿದ ಗುಂಡು ಜಾರಿ ಹೋಗುತ್ತದೆ. ಬೋಲ್ಟಿನ ಹಿಂದೆ ಗಟ್ಟಿ ಸ್ಪ್ರಿಂಗ್ ಸೇರಿಸಿ, ತಟ್ಟೆಯ ಮುಖ 15ರಿಂದ 20 ಡಿಗ್ರಿ ನೆಲದತ್ತ ಬಾಗಿರುವಂತೆ ಕಟ್ಟಿ. ಆಗ ಹೆಚ್ಚಿನ ಚೂರುಗಳು ಬುಡದ ಮಣ್ಣಿಗೇ ಇಳಿಯುತ್ತವೆ. ತೂಗುಹಾಕುವುದಕ್ಕೆ ಸರಪಳಿಗಿಂತ ಹಳೆಯ ಅಗ್ನಿಶಾಮಕ ಹೋಸ್‌ಪೈಪಿನ ಪಟ್ಟಿ ಒಳ್ಳೆಯದು, ಕಂಬಕ್ಕೆ ಕಬ್ಬಿಣಕ್ಕಿಂತ ಮರ ಒಳ್ಳೆಯದು: ಗುಂಡು ತಾಗಿದರೂ ಹಿಂದಕ್ಕೆ ಚಿಮ್ಮಿಸುವುದಿಲ್ಲ.

ರೈಫಲಿಗೆ 100 ಗಜಕ್ಕಿಂತ ಹತ್ತಿರ ಉಕ್ಕನ್ನು ನಿಲ್ಲಿಸಕೂಡದು. ತಟ್ಟೆಯನ್ನು ಕೆಡಿಸುವುದು ಗುಂಡಿನ ಭಾರಕ್ಕಿಂತ ಹೆಚ್ಚಾಗಿ ಅದರ ವೇಗ. ತಾಗುವಾಗ ಸೆಕೆಂಡಿಗೆ 3000 ಅಡಿ ಮೀರಿದ ವೇಗವಿದ್ದರೆ ಎಆರ್500 ಕೂಡ ಕುಳಿ ಬೀಳುತ್ತದೆ. ಎಂ855ರಂತೆ ತುದಿಯೊಳಗೆ ಉಕ್ಕಿರುವ ಗುಂಡುಗಳನ್ನು ಉಕ್ಕಿನ ಮೇಲೆ ಹೊಡೆಯಲೇಬೇಡಿ. ರೇಂಜುಗಳಲ್ಲಿ ಆಯಸ್ಕಾಂತ ಹಿಡಿದು ಪರೀಕ್ಷಿಸುವುದು ಇದಕ್ಕಾಗಿಯೇ. ಅಂಟಿಕೊಂಡರೆ ಆ ಗುಂಡುಗಳು ವಾಪಸ್. ಕಣ್ಣಿಗೆ "ಝಡ್87+" ಗುರುತಿರುವ, ಅಂದರೆ ಬಡಿತ ತಡೆಯುವ ಸುರಕ್ಷಾ ಕನ್ನಡಕ ಹೊಡೆಯುವವರಿಗೆ ಮಾತ್ರವಲ್ಲ, ಹಿಂದೆ ನಿಂತು ಫೋಟೋ ತೆಗೆಯುವವರಿಗೂ ಬೇಕು. ಪ್ರತಿ ಸಲವೂ ಮೊದಲು ತಟ್ಟೆಯ ಮುಖವನ್ನು ಕೈಯಿಂದ ಸವರಿ ನೋಡಿ, ಕುಳಿಯೋ ಬಿರುಕೋ ಕಂಡರೆ ಅದನ್ನು ಗುಜರಿಗೆ ಹಾಕಿ.

ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಬಯಲುಗಳಲ್ಲಿ ಅಭ್ಯಾಸಕ್ಕೆ ಅವಕಾಶವಿರುವ ಕಡೆಗಳಿವೆ, ಆದರೆ ಬೇಸಿಗೆಯಲ್ಲಿ ಬೆಂಕಿಯ ನಿರ್ಬಂಧಗಳನ್ನು ಮೊದಲು ನೋಡಿ. 2012ರ ಜೂನ್‌ನಲ್ಲಿ ಯೂಟಾದ ಸರಟೋಗಾ ಸ್ಪ್ರಿಂಗ್ಸ್ ಬಳಿ ಗುರಿ ಅಭ್ಯಾಸದಿಂದಲೇ ಹತ್ತಿದ ಬೆಂಕಿಗೆ ಸಾವಿರಾರು ಜನ ಮನೆ ಬಿಡಬೇಕಾಯಿತು. ಮರುವರ್ಷ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಉಕ್ಕಿನ ತಟ್ಟೆಗೆ ಗುಂಡು ಹೊಡೆದು, ಬಿಸಿಯಾದ ಚೂರುಗಳು ಒಣ ಕಸಕ್ಕೆ ಬೆಂಕಿ ಹಚ್ಚಬಲ್ಲವೆಂದು ತೋರಿಸಿದರು. ತಟ್ಟೆಯ ಬುಡದಲ್ಲಿ ಒಣಹುಲ್ಲು ಇರಬಾರದು, ನೀರಿನ ಕ್ಯಾನು ಕೈಗೆಟುಕುವಂತಿರಬೇಕು.

ಉಕ್ಕಿಗೆ ಬಡಿದ ಗುಂಡು ಸೀಸದ ಪುಡಿಯಾಗುತ್ತದೆ, ಅದು ಕೈಗೂ ಬಟ್ಟೆಗೂ ಮೆತ್ತಿಕೊಳ್ಳುತ್ತದೆ. ನಾವು ಕೈಯಲ್ಲಿ ಉಣ್ಣುವವರು. ಪುಳಿಯೋಗರೆಯ ಡಬ್ಬಿ ತೆರೆಯುವ ಮೊದಲು ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಿರಿ; ಮನೆಗೆ ಬಂದಮೇಲೆ ಬಟ್ಟೆ ಬದಲಿಸಿ, ಶೂ ಹೊರಗಿಟ್ಟು, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ರಜೆಗೆ ಬೆಂಗಳೂರಿಗೆ ಹೊರಡುವಾಗ ರೇಂಜಿಗೆ ಒಯ್ಯುತ್ತಿದ್ದ ಬ್ಯಾಗನ್ನೇ ವಿಮಾನಕ್ಕೂ ತರಬೇಡಿ. ಪರವಾನಗಿಯಿಲ್ಲದೆ ಒಂದೇ ಒಂದು ಜೀವಂತ ಗುಂಡನ್ನು ಇಟ್ಟುಕೊಂಡರೂ ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದು ಅಪರಾಧ. ಕೆಂಪೇಗೌಡ ನಿಲ್ದಾಣದಲ್ಲಿ ಎಕ್ಸ್-ರೇ ಯಂತ್ರದ ಮುಂದೆ ಅದು ಕಾಣಿಸಿಕೊಂಡರೆ ನಿಮ್ಮನ್ನು ಕರೆದೊಯ್ಯಲು ಬಂದ ತಂದೆ ತಾಯಿ ಹೊರಗೆ ಕಾಯುತ್ತಲೇ ಇರಬೇಕಾಗುತ್ತದೆ. ಅದೇ ಬ್ಯಾಗು ಬೇಕೇಬೇಕೆಂದಿದ್ದರೆ ಅದರ ಪ್ರತಿಯೊಂದು ಜೇಬನ್ನೂ ಒಳಗಿನದು ಹೊರಗೆ ಬರುವಂತೆ ಮಗುಚಿ, ಹೊಲಿಗೆಯ ಸಂದಿಯವರೆಗೂ ಬೆರಳು ಹಾಕಿ ನೋಡಿ.