ಚಿಯಾ ಬೀಜ ಒಣಗಿದ್ದು ನುಂಗಬೇಡಿ

ಈಗಿನ ಹುಡುಗರು ಚಿಯಾ ತಿನ್ನುವ ರೀತಿ ನೋಡಿದರೆ ತಲೆಬಿಸಿಯಾಗುತ್ತದೆ. ಒಂದು ಚಮಚ ಒಣ ಬೀಜ ಬಾಯಿಗೆ ಸುರಿದುಕೊಳ್ಳುವುದು, ಎರಡು ಗುಟುಕು ನೀರು ಕುಡಿದು ಗಾಡಿ ಹತ್ತುವುದು. ಆ ಬೀಜ ತನ್ನ ತೂಕದ ಹತ್ತು ಪಟ್ಟು ನೀರು ಎಳೆದುಕೊಳ್ಳುತ್ತದೆ. ಅದು ಉಬ್ಬಬೇಕಾದ್ದು ಪಾತ್ರೆಯಲ್ಲಿ, ಗಂಟಲಲ್ಲಿ ಅಲ್ಲ. ಅಲ್ಲೇ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?

ಕೆಲವರು ಇದನ್ನೇ ಕಾಮಕಸ್ತೂರಿ ಅನ್ನುತ್ತಾರೆ. ಎರಡೂ ತುಳಸಿಯ ಬಳಗ, ಗಿಡ ಬೇರೆ. ಕಾಮಕಸ್ತೂರಿ ಪೂರ್ತಿ ಕಪ್ಪು, ನೀರು ಕಂಡ ಕೂಡಲೇ ಉಬ್ಬುತ್ತದೆ. ಬೇಸಿಗೆಯಲ್ಲಿ ಅಮ್ಮ ಮುರುಗಲು (ಕೋಕಂ) ಪಾನಕಕ್ಕೆ ಹಾಕುತ್ತಿದ್ದದ್ದು ಅದನ್ನೇ. ತಳದಲ್ಲಿ ಉಳಿದ ಬೀಜಕ್ಕೆ ನಾವು ಮಕ್ಕಳು ಲೋಟದೊಳಗೆ ಬೆರಳು ಹಾಕುತ್ತಿದ್ದೆವು. ಚಿಯಾಕ್ಕೆ ಬೂದು ಬಣ್ಣದ ಚುಕ್ಕೆ ಇರುತ್ತದೆ, ನೆನೆಯುವುದೂ ನಿಧಾನ. ಮೆಕ್ಸಿಕೋ ಕಡೆಯ ಬೆಳೆ, ಈಗ ನಮ್ಮ ಮೈಸೂರು ಕಡೆಯೂ ಬೆಳೆಯುತ್ತಾರೆ.

ನೆನೆಸುವಾಗ ಮೊದಲು ನೀರು, ಆಮೇಲೆ ಬೀಜ. ಬೀಜದ ಮೇಲೆ ನೀರು ಸುರಿದಿರೋ, ಗಂಟು ಖಂಡಿತ. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಧಾರಾಳವಾಗಿ ತೆಗೆದುಕೊಳ್ಳಿ. ಅಂಗೈ ಗುಳಿಯಲ್ಲಿ ನಿಲ್ಲುವಷ್ಟು ಬೀಜ ಸಾಕು. ರಂಗೋಲಿ ಪುಡಿ ಬಿಟ್ಟ ಹಾಗೆ ಬೆರಳ ಸಂದಿಯಿಂದ ಉದುರಿಸಿ, ಇನ್ನೊಂದು ಕೈಯಲ್ಲಿ ಕದಡುತ್ತಲೇ ಇರಿ. ಅಷ್ಟಕ್ಕೇ ಮುಚ್ಚಿಟ್ಟು ಹೋಗಬೇಡಿ. ಒಂದು ಒಗ್ಗರಣೆ ಹಾಕುವಷ್ಟು ಹೊತ್ತು ಬಿಟ್ಟು ಮತ್ತೆ ಕದಡಿ. ಅಷ್ಟರಲ್ಲಿ ಬೀಜದ ಸುತ್ತ ಲೋಳೆ ಕಟ್ಟಿ, ಒಂದಕ್ಕೊಂದು ಅಂಟಲು ಶುರುವಾಗಿರುತ್ತದೆ. ಈ ಎರಡನೇ ಕದಡು ತಪ್ಪಿಸಿದರೆ ಮೇಲೆ ನೆನೆದ ಹಾಗೆ ಕಾಣುತ್ತದೆ, ಗಂಟಿನೊಳಗೆ ಮಾತ್ರ ಒಣಗಿಯೇ ಇರುತ್ತದೆ. ಅಂಚಿಗೆ ಹತ್ತಿದ್ದನ್ನೂ ಕೆಳಗೆ ದೂಡಿ, ಇನ್ನೊಂದು ಸಲ ಕದಡಿ ಮುಚ್ಚಿಡಿ. ಬೆಳಿಗ್ಗೆ ಚಮಚ ಎತ್ತಿದರೆ ಒಂದೊಂದು ಬೀಜವೂ ಬಿಡಿಬಿಡಿಯಾಗಿ ಇಳಿಯಬೇಕು. ಸೆಕೆಗಾಲದಲ್ಲಿ ರಾತ್ರಿ ಫ್ರಿಜ್ಜಿನಲ್ಲೇ ಇಡಿ. ಪಾತ್ರೆ ಆಗಲೇ ತೊಳೆಯಿರಿ, ಲೋಳೆ ಒಣಗಿದರೆ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ.

ಮುರುಗಲು ನೀರಿಗೆ ಸಿರ್ಸಿ ಕಡೆಯ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ಬೆರೆಸಿ ನೆನೆದ ಚಿಯಾ ಹಾಕಿ ಕುಡಿದರೆ ರುಚಿ.

100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 17 ಗ್ರಾಂ ಪ್ರೋಟೀನು, 630 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾವು ತಿನ್ನುವುದು ಸ್ವಲ್ಪವೇ. ಆದರೂ ನಾರಿಗೆ ಅಷ್ಟೇ ಸಾಕು, ಹೊಟ್ಟೆ ಸಲೀಸಾಗುತ್ತದೆ, ಬೇಗ ಹಸಿವಾಗುವುದಿಲ್ಲ. ಒಮೆಗಾ-3 ಕೊಬ್ಬೂ ಇದೆ, ಪುಡಿ ಮಾಡಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಇದು ಗಿಡದ ಬಗೆಯದು, ಮೀನಿನಲ್ಲಿರುವ ಬಗೆಗೆ ಮೈಯೊಳಗೆ ಬದಲಾಗುವುದು ತೀರಾ ಕಡಿಮೆ. ಕಾರವಾರದಲ್ಲಿ ಕೂತು ಬಂಗಡೆ ಬಿಟ್ಟು ಚಿಯಾ ತಿನ್ನುವುದು ಯಾವ ಜಾಣತನ? ಮೀನು ತಿನ್ನದವರಿಗೆ ಇದು ಒಳ್ಳೆಯದೇ, ಅಗಸೆ ಬೀಜವೂ ಆಗುತ್ತದೆ.

ಮೊದಲ ದಿನವೇ ಜಾಸ್ತಿ ತಿಂದು ಹೊಟ್ಟೆ ಉಬ್ಬಿತು ಅನ್ನಬೇಡಿ. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಳ್ಳಿ, ದಿನವಿಡೀ ನೀರು ಕುಡಿಯಿರಿ. ರಕ್ತ ತೆಳುವಾಗುವ ಮಾತ್ರೆ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.